136ರಿಂದ 300ಕ್ಕೆ: ಅಧ್ಯಕ್ಷ ರೂಸ್‌ವೆಲ್ಟ್ ಅವರ ಕೊನೆಯ ಕಾಯಿಲೆ

ಮೊದಲು ನಾಲ್ಕು ಅಳತೆಗಳನ್ನು ಹೇಳಿಬಿಡುತ್ತೇನೆ, ಬರೆದುಕೊಳ್ಳಿ. 1935ರ ಜುಲೈ: 136/78. 1937ರ ಏಪ್ರಿಲ್: 162/98. 1940ರ ನವೆಂಬರ್: 178/88. 1941ರ ಫೆಬ್ರವರಿ: 188/105. ನಾಲ್ಕೂ ಒಬ್ಬರದೇ ರಕ್ತದೊತ್ತಡ. ಇವತ್ತು ಎರಡನೆಯ ಅಳತೆ ನೋಡಿದರೆ ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಕೂಡ ಅದರ ಸುತ್ತ ಗೆರೆ ಎಳೆದು ಡಾಕ್ಟರ ಮುಂದೆ ಇಡುತ್ತಾರೆ. ನಾಲ್ಕನೆಯದನ್ನು ನೋಡಿ ಯಾವ ಡಾಕ್ಟರೂ ರೋಗಿಯನ್ನು ಬರಿಗೈಯಲ್ಲಿ ಮನೆಗೆ ಕಳಿಸುವುದಿಲ್ಲ. ಆದರೆ ಈ ನಾಲ್ಕು ಅಳತೆಗಳಿದ್ದ ಕಡತ ಆಮೇಲೆ ಮೂರು ವರ್ಷ ಹಾಗೇ ಇತ್ತು. ಆ ಮೂರು ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ಯುದ್ಧ ನಡೆಯಿತು. ಆ ರೋಗಿ ಅದರಲ್ಲಿ ಹೋರಾಡಿದ ಒಂದು ದೇಶದ ಸೇನೆಗಳಿಗೆ ಮಹಾದಂಡನಾಯಕರಾಗಿದ್ದರು.

ರೋಗಿಯ ಹೆಸರು ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್. ನಾಲ್ಕು ಬಾರಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದ ಒಬ್ಬರೇ ವ್ಯಕ್ತಿ. 1945ರ ಏಪ್ರಿಲ್ 12ರಂದು, 63ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಮಧ್ಯಾಹ್ನ ಅವರ ರಕ್ತದೊತ್ತಡ 300/190 ಮುಟ್ಟಿತ್ತು. 136ರಿಂದ 300ರ ತನಕದ ಈ ದಾರಿಯಲ್ಲಿ ಯಾರು ಯಾರು ನಿಂತಿದ್ದರು, ಯಾರಿಗೆ ಏನು ಕಂಡಿತು, ಕಂಡವರು ಯಾಕೆ ಬಾಯಿ ಬಿಡಲಿಲ್ಲ ಎನ್ನುವುದೇ ಇವತ್ತಿನ ನನ್ನ ಮಾತು.

ಬಿಪಿ ಶುರುವಾಗುವ ಮೊದಲು ಕಾಲಿನ ಕಥೆ ಹೇಳಬೇಕು. 1921ರ ಆಗಸ್ಟ್. ರೂಸ್‌ವೆಲ್ಟ್ ಅವರಿಗೆ 39 ವರ್ಷ. ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಅವರ ಮನೆತನದ ಬೇಸಿಗೆ ಮನೆ. ಒಂದು ದಿನ ಈಜಿ ಬಂದು, ಒದ್ದೆ ಬಟ್ಟೆಯಲ್ಲೇ ಕೂತು ಪತ್ರಗಳನ್ನು ಓದಿದರು. ಚಳಿ ಹತ್ತಿತು, ಮಲಗಿದರು. ಮರುದಿನ ಒಂದು ಕಾಲಿಗೆ ಬಲವಿಲ್ಲ, ಆಮೇಲೆ ಎರಡಕ್ಕೂ ಇಲ್ಲ. ಹತ್ತಿರದ ಊರಿನ ವೈದ್ಯರು ನೆಗಡಿ ಜ್ವರ ಎಂದರು. ಮನೆಯವರಿಗೆ ಸಮಾಧಾನವಾಗಲಿಲ್ಲ. ಅಲ್ಲೇ ಸಮೀಪ ರಜೆಗೆ ಬಂದಿದ್ದ ಹೆಸರಾಂತ ಶಸ್ತ್ರವೈದ್ಯ ವಿಲಿಯಂ ಕೀನ್ ಅವರನ್ನು ಕರೆಸಿದರು. ಕೀನ್ ಅವರಿಗೆ ಆಗ 84 ವರ್ಷ. ಬೆನ್ನುಹುರಿಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಚೆನ್ನಾಗಿ ತಿಕ್ಕಿ ಎಂದು ಹೇಳಿ, 600 ಡಾಲರ್ ಬಿಲ್ಲು ಕಳಿಸಿದರು. ಮನೆಯವರು ಹಗಲೂ ರಾತ್ರಿ ಆ ಕಾಲುಗಳನ್ನು ತಿಕ್ಕಿದರು. ಉರಿಯೂತದಲ್ಲಿದ್ದ ಸ್ನಾಯುಗಳಿಗೆ ಅದು ಬರೀ ಹಿಂಸೆ. ಆಗಸ್ಟ್ 25ರಂದು ಬಾಸ್ಟನ್ನಿನ ರಾಬರ್ಟ್ ಲವೆಟ್ ಬಂದು ಪರೀಕ್ಷಿಸಿ, ಪೋಲಿಯೊ ಎಂದು ಹೇಳಿ ತಿಕ್ಕುವುದನ್ನು ನಿಲ್ಲಿಸಿದರು. ಅದು ಪೋಲಿಯೊ ಆಗಿರಲಿಕ್ಕಿಲ್ಲ, ಗಿಲಿಯನ್ ಬಾರೆ ಎಂಬ ನರಗಳ ಕಾಯಿಲೆ ಇರಬಹುದು ಎಂದು 2003ರಲ್ಲಿ ಕೆಲವು ವೈದ್ಯರು ವಾದಿಸಿದರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಯಾವುದೇ ಆಗಿರಲಿ, ಆ ಕಾಲುಗಳು ಮತ್ತೆ ನಡೆಯಲಿಲ್ಲ.

ಕೀನ್ ಅವರ ಹೆಸರು ಬಂದದ್ದರಿಂದ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಇದೇ ಕೀನ್ 1893ರ ಜುಲೈ 1ರಂದು ಒನೈಡಾ ಎಂಬ ವಿಹಾರ ನೌಕೆಯ ಮೇಲೆ ಇದ್ದರು. ನೌಕೆ ಕಡಲಲ್ಲಿ ಸಾಗುತ್ತಿತ್ತು. ಒಳಗೆ, ಕುರ್ಚಿಯೊಂದರಲ್ಲಿ ಕೂರಿಸಿ, ಅಂದಿನ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಮೇಲ್ದವಡೆಯ ಒಂದು ಭಾಗವನ್ನು ಗಡ್ಡೆಯ ಸಮೇತ ಕತ್ತರಿಸಿ ತೆಗೆದರು. ಹೊರಗೆ ಹೇಳಿದ್ದು ಹಲ್ಲುನೋವು ಮತ್ತು ಸಂಧಿವಾತ ಎಂದು. ನಿಜ ಬರೆದ ಒಬ್ಬ ಪತ್ರಕರ್ತನನ್ನು ಸುಳ್ಳುಗಾರ ಎಂದು ಜರೆದರು. 24 ವರ್ಷಗಳ ಮೇಲೆ, 1917ರಲ್ಲಿ, ಕೀನ್ ತಾವೇ ಎಲ್ಲವನ್ನೂ ಬರೆದು ಪ್ರಕಟಿಸಿದರು. ಅಧ್ಯಕ್ಷರ ಕಾಯಿಲೆ ಮುಚ್ಚಿಡುವುದು ರೂಸ್‌ವೆಲ್ಟ್ ಕಾಲದಲ್ಲಿ ಹುಟ್ಟಿದ ಚಾಳಿಯಲ್ಲ ಎಂದು ತೋರಿಸಲು ಇದನ್ನು ಹೇಳಿದೆ. ಇನ್ನೊಂದು ಎಳೆಯೂ ಇದೆ, ಈಗ ಬರುತ್ತದೆ.

ಕಾಲು ಹೋದ ಮೇಲೂ ರೂಸ್‌ವೆಲ್ಟ್ ರಾಜಕೀಯ ಬಿಡಲಿಲ್ಲ. ಸೊಂಟದಿಂದ ಪಾದದ ತನಕ ಉಕ್ಕಿನ ಪಟ್ಟಿ ಕಟ್ಟಿಕೊಂಡು, ಮಗನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಕೋಲೂರಿ, ಸೊಂಟ ತಿರುಗಿಸಿ ತಿರುಗಿಸಿ ಹೆಜ್ಜೆ ಹಾಕುವುದನ್ನು ಕಲಿತರು. ನೋಡುವವರಿಗೆ ಕುಂಟುವ ಮನುಷ್ಯ ಕಾಣಬೇಕು, ಕಾಲಿಲ್ಲದ ಮನುಷ್ಯ ಕಾಣಬಾರದು. ನ್ಯೂಯಾರ್ಕ್ ಗವರ್ನರ್ ಆದರು, 1933ರ ಮಾರ್ಚ್ 4ರಂದು ಅಧ್ಯಕ್ಷರಾದರು. ಗಾಲಿಕುರ್ಚಿಯಲ್ಲಿರುವ ಅವರ ಫೋಟೊಗಳು ಇವತ್ತಿಗೂ ಬೆರಳೆಣಿಕೆಯಷ್ಟೇ ಸಿಗುತ್ತವೆ. ಛಾಯಾಗ್ರಾಹಕರು ತೆಗೆಯುತ್ತಿರಲಿಲ್ಲ, ತೆಗೆಯಲು ಹೋದವರನ್ನು ಅಂಗರಕ್ಷಕರು ಬಿಡುತ್ತಿರಲಿಲ್ಲ. ಇದರ ಬಗ್ಗೆ ನನಗೆ ಎರಡು ಮನಸ್ಸಿದೆ. ಕುಂಟನಿಗೆ ದೇಶ ಆಳುವುದು ಹೇಗಾದೀತು ಎಂದು ಜನ ಕೇಳುವ ಕಾಲದಲ್ಲಿ ಅದೊಂದು ರಕ್ಷಾಕವಚ. ಕಾಲಿನ ಬಲಕ್ಕೂ ತಲೆಯ ಬಲಕ್ಕೂ ಸಂಬಂಧವಿಲ್ಲ, ಹಾಗಾಗಿ ಯಾರಿಗೂ ಕೇಡಾಗಲಿಲ್ಲ. ಆದರೆ ಒಂದು ಅಭ್ಯಾಸ ಬೇರೂರಿತು. ಅಧ್ಯಕ್ಷರ ಮೈಯ ಬಗ್ಗೆ ಕೇಳಬಾರದು, ಹೇಳಬಾರದು, ತೋರಿಸಬಾರದು. ಕಾಲಿಗಾಗಿ ಕಟ್ಟಿದ ಈ ಪರದೆಯ ಹಿಂದೆ ಮುಂದೆ ಹೃದಯವೂ ಅಡಗಿಕೊಂಡಿತು.

ಶ್ವೇತಭವನದ ವೈದ್ಯರಾಗಿ ನೌಕಾಪಡೆಯ ರಾಸ್ ಮ್ಯಾಕಿಂಟೈರ್ ನೇಮಕವಾದರು. ಅವರು ಕಿವಿ ಮೂಗು ಗಂಟಲು ತಜ್ಞರು. ರೂಸ್‌ವೆಲ್ಟ್ ಅವರಿಗೆ ಸೈನಸ್ ತೊಂದರೆ ಮೇಲಿಂದ ಮೇಲೆ ಬರುತ್ತಿದ್ದದ್ದರಿಂದ ಅಂಥವರೇ ಸರಿ ಎಂದು ಆರಿಸಿದರು. ಶಿಫಾರಸು ಮಾಡಿದವರು ಕ್ಯಾರಿ ಗ್ರೇಸನ್. ಇದೇ ನಾನು ಹೇಳಿದ ಇನ್ನೊಂದು ಎಳೆ. ಈ ಗ್ರೇಸನ್ ಅಧ್ಯಕ್ಷ ವುಡ್ರೊ ವಿಲ್ಸನ್ ಅವರ ವೈದ್ಯರಾಗಿದ್ದವರು. 1919ರ ಅಕ್ಟೋಬರ್ 2ರಂದು ವಿಲ್ಸನ್ ಅವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ, ಅಧ್ಯಕ್ಷರ ಪತ್ನಿಯೂ ಗ್ರೇಸನ್ನರೂ ಸೇರಿ ಅದನ್ನು ದೇಶದಿಂದ ಮರೆಮಾಚಿದರು. ಜನರಿಗೆ ಹೇಳಿದ್ದು ನರಗಳ ಆಯಾಸ ಎಂದು.

ಈಗ ಬಿಪಿಗೆ ಬರೋಣ. ಇಲ್ಲಿ ಅಂದಿನ ವೈದ್ಯರಿಗೆ ಅನ್ಯಾಯ ಮಾಡಬಾರದು, ಅದಕ್ಕೇ ಸ್ವಲ್ಪ ನಿಧಾನಿಸುತ್ತೇನೆ. 1930ರ ದಶಕದಲ್ಲಿ ಏರಿದ ರಕ್ತದೊತ್ತಡವನ್ನು ರೋಗ ಎಂದು ಎಲ್ಲರೂ ಎಣಿಸುತ್ತಿರಲಿಲ್ಲ. ವಯಸ್ಸಾದಂತೆ ರಕ್ತನಾಳ ಗಡುಸಾಗುತ್ತದೆ, ಗಡುಸಾದ ಕೊಳವೆಯಲ್ಲಿ ರಕ್ತ ನೂಕಬೇಕಾದರೆ ಒತ್ತಡ ಏರಲೇಬೇಕು, ಅದು ದೇಹವೇ ಮಾಡಿಕೊಂಡ ಏರ್ಪಾಡು ಎಂದು ದೊಡ್ಡ ದೊಡ್ಡವರೇ ನಂಬಿದ್ದರು. ಅಮೆರಿಕದ ಹೃದ್ರೋಗಶಾಸ್ತ್ರದ ಹಿರಿಯ ಪಾಲ್ ಡಡ್ಲಿ ವೈಟ್ 1931ರಲ್ಲಿ ಬರೆದದ್ದರ ಸಾರ ಅದೇ: ಇದು ದೇಹಕ್ಕೆ ಬೇಕಾದ ಸರಿದೂಗಿಸುವಿಕೆ ಇರಬಹುದು, ತಗ್ಗಿಸುವ ಶಕ್ತಿ ನಮಗಿದ್ದರೂ ಕೈಹಾಕಬಾರದು. ಅದೇ ವರ್ಷ ಲಿವರ್‌ಪೂಲಿನ ಪ್ರೊಫೆಸರ್ ಜಾನ್ ಹೇ ಇನ್ನೂ ಮುಂದೆ ಹೋದರು. ಬಿಪಿ ಏರಿದವನಿಗೆ ದೊಡ್ಡ ಅಪಾಯವೆಂದರೆ ಅದು ಪತ್ತೆಯಾಗುವುದೇ, ಪತ್ತೆಯಾದರೆ ಯಾರೋ ಒಬ್ಬ ಮೂರ್ಖ ಅದನ್ನು ಇಳಿಸಲು ಹೊರಡುತ್ತಾನೆ ಎಂಬರ್ಥದಲ್ಲಿ ಬರೆದರು. ಮ್ಯಾಕಿಂಟೈರ್ 1937ರಲ್ಲಿ 162/98 ನೋಡಿ ಸುಮ್ಮನಿದ್ದರೆ ಅವರು ಅಂದಿನ ಪಾಠದಂತೆ ನಡೆದುಕೊಂಡರು, ಅಷ್ಟೆ. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಕೊಡಲು ಮದ್ದಾದರೂ ಏನಿತ್ತು? ಫೀನೊಬಾರ್ಬಿಟಾಲ್ ಕೊಟ್ಟು ಮಂಪರು ತರಿಸಬಹುದಿತ್ತು, ಬೆನ್ನು ಸೀಳಿ ನರಗಳನ್ನು ಕತ್ತರಿಸುವ ದೊಡ್ಡ ಶಸ್ತ್ರಚಿಕಿತ್ಸೆ ಮಾಡಬಹುದಿತ್ತು, ಉಪ್ಪಿಲ್ಲದೆ ಬರೀ ಅನ್ನ ಹಣ್ಣು ತಿನ್ನಿಸುವ ಕಠಿಣ ಪಥ್ಯ ಆಗಷ್ಟೇ ಹುಟ್ಟುತ್ತಿತ್ತು. ಇವತ್ತು ಬೆಳಗಿನ ಕಾಫಿಯ ಜೊತೆ ನುಂಗುವ ಆ ಪುಟ್ಟ ಮಾತ್ರೆ ಆಗ ಯಾವ ದೇಶದಲ್ಲೂ ಇರಲಿಲ್ಲ.

1941ರ ಮೇ ತಿಂಗಳಲ್ಲಿ ಇನ್ನೊಂದು ಎಚ್ಚರಿಕೆ ಬಂತು. ಮೂಲವ್ಯಾಧಿಯಿಂದ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 4.5 ಗ್ರಾಂಗೆ ಇಳಿದಿತ್ತು. ಸಾಮಾನ್ಯವಾಗಿ ಗಂಡಸರಲ್ಲಿ 13ರ ಮೇಲಿರಬೇಕು. ಮೂರನೆಯ ಒಂದು ಪಾಲು ರಕ್ತ ಇಟ್ಟುಕೊಂಡು ಆ ಮನುಷ್ಯ ದೇಶ ನಡೆಸುತ್ತಿದ್ದರು. ಕಬ್ಬಿಣಾಂಶದ ಮಾತ್ರೆಯಿಂದ ರಕ್ತಹೀನತೆ ಸರಿಹೋಯಿತು. ಆದರೆ ಮೊದಲೇ ಒತ್ತಡದ ವಿರುದ್ಧ ದುಡಿಯುತ್ತಿದ್ದ ಹೃದಯ ಆ ತಿಂಗಳುಗಳಲ್ಲಿ ಎಷ್ಟು ಹೆಚ್ಚು ದುಡಿದಿರಬೇಕು, ಯೋಚಿಸಿ.

1943ರ ಕೊನೆಗೆ ಟೆಹರಾನ್ ಸಮ್ಮೇಳನ ಮುಗಿಸಿ ಬಂದರು. ಫ್ಲೂ ಹಿಡಿಯಿತು, ಬಿಡಲಿಲ್ಲ. ಕೆಮ್ಮು, ಸುಸ್ತು, ಮುಖದಲ್ಲಿ ಬೂದು ಬಣ್ಣ. ಪತ್ರ ಓದುತ್ತಾ ಓದುತ್ತಾ ತೂಕಡಿಸುತ್ತಿದ್ದರು. ಮಗಳು ಆನ್ನಾ ಅಪ್ಪನನ್ನು ದಿನವೂ ನೋಡುತ್ತಿದ್ದವರು, ಅವರು ಪಟ್ಟು ಹಿಡಿದರು. ಒಬ್ಬ ಹೃದ್ರೋಗ ತಜ್ಞರ ಹತ್ತಿರ ತೋರಿಸೋಣ ಎಂದು ಕೊನೆಗೂ ನಿರ್ಧಾರವಾದದ್ದು 1944ರ ಮಾರ್ಚ್ ಕೊನೆಯ ವಾರದಲ್ಲಿ. ಬೆಥೆಸ್ಡಾ ನೌಕಾ ಆಸ್ಪತ್ರೆ. ಪರೀಕ್ಷಿಸಿದವರು ಹೋವರ್ಡ್ ಬ್ರೂನ್, ಇನ್ನೂ ನಲವತ್ತು ದಾಟದ ಡಾಕ್ಟರು, ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಕಮಾಂಡರ್. ಮ್ಯಾಕಿಂಟೈರ್ ಅಡ್ಮಿರಲ್. ದರ್ಜೆಯ ಈ ಅಂತರವನ್ನು ಮರೆಯಬೇಡಿ.

ಬ್ರೂನ್ ಕಂಡದ್ದು ಏನು? ತುಟಿ ಚರ್ಮಗಳಲ್ಲಿ ನೀಲಿ ಛಾಯೆ. ಮೇಜಿನ ಮೇಲೆ ಅತ್ತಿತ್ತ ಹೊರಳಿಸಿದರೂ ಏದುಸಿರು. ಸ್ಟೆಥಾಸ್ಕೋಪು ಇಟ್ಟರೆ ಶ್ವಾಸಕೋಶದ ತಳದಲ್ಲಿ ನೀರು ನಿಂತ ಸದ್ದು. ಎಕ್ಸ್‌ರೇಯಲ್ಲಿ ಹಿಗ್ಗಿದ ಹೃದಯ, ಉಬ್ಬಿದ ರಕ್ತನಾಳಗಳು. ಇಸಿಜಿಯಲ್ಲಿ ಎಡಭಾಗದ ಹೃದಯ ಸೋತಿರುವ ಗುರುತು. ಮೂತ್ರದಲ್ಲಿ ಪ್ರೋಟೀನು. ಬಿಪಿ 186/108. ಸೈನಸ್, ಫ್ಲೂ, ಬ್ರಾಂಕೈಟಿಸ್ ಎಂದು ನೋಡಲು ಹೋದ ಮನುಷ್ಯನಿಗೆ ಹೃದಯ ವಿಫಲವಾಗುತ್ತಿತ್ತು. ಆ ಕಡತದ ಹಳೆಯ ಅಳತೆಗಳನ್ನು ಮೊದಲ ಬಾರಿಗೆ ಒಟ್ಟಿಗೆ, ಒಂದು ಸಾಲಾಗಿ ಓದಿದವರು ಬ್ರೂನ್ ಎಂದು ನನಗೆ ಅನ್ನಿಸುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಒಂದು ಸಮಜಾಯಿಷಿ ಸಿಗುತ್ತದೆ: ಅವತ್ತು ಕೆಲಸ ಹೆಚ್ಚಿತ್ತು, ಅವತ್ತು ನೆಗಡಿ ಇತ್ತು. ಸಾಲಾಗಿ ಇಟ್ಟಾಗ ಸಮಜಾಯಿಷಿಗೆ ಜಾಗವಿಲ್ಲ.

ಬ್ರೂನ್ ಸಲಹೆ ಬರೆದರು: ಒಂದೆರಡು ವಾರ ಹಾಸಿಗೆ ಬಿಟ್ಟು ಏಳಬಾರದು, ನರ್ಸ್ ಜೊತೆಯಲ್ಲಿರಬೇಕು, ಡಿಜಿಟಾಲಿಸ್ ಕೊಡಬೇಕು, ಉಪ್ಪು ಕಡಿಮೆ ಮಾಡಬೇಕು, ತೂಕ ಇಳಿಸಬೇಕು. ಮ್ಯಾಕಿಂಟೈರ್ ಒಪ್ಪಲಿಲ್ಲ. ಅಧ್ಯಕ್ಷರನ್ನು ಹಾಸಿಗೆಯಲ್ಲಿ ಮಲಗಿಸುವುದು ಸಾಧ್ಯವೇ ಇಲ್ಲ ಎಂದರು. ಅಟ್ಲಾಂಟಾದಿಂದ ಜೇಮ್ಸ್ ಪಾಲಿನ್, ಬಾಸ್ಟನ್ನಿನಿಂದ ಫ್ರಾಂಕ್ ಲೇಹಿ, ಹೀಗೆ ಹಿರಿಯರನ್ನು ಕರೆಸಿ ಸಭೆ ಸೇರಿಸಿದರು. ಒಂದು ಕಡೆ ದೇಶದ ಹೆಸರಾಂತ ವೈದ್ಯರು, ಇನ್ನೊಂದು ಕಡೆ ಕೆಳದರ್ಜೆಯ ಈ ಯುವಕ. ಬ್ರೂನ್ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಕೊನೆಗೆ ಹಿರಿಯರೂ ರೋಗಿಯನ್ನು ನೋಡಿ ಬಂದು, ಡಿಜಿಟಾಲಿಸ್‌ಗೆ ಒಪ್ಪಿದರು. ಸಂಪೂರ್ಣ ವಿಶ್ರಾಂತಿಯ ಜಾಗದಲ್ಲಿ ಅರ್ಧ ವಿಶ್ರಾಂತಿ ಬಂತು. ವೈದ್ಯಕೀಯ ಓದುವ ಮಕ್ಕಳು ಇಲ್ಲಿ ಯಾರಾದರೂ ಇದ್ದರೆ ಈ ಸಭೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ನಮ್ಮ ವೃತ್ತಿಯಲ್ಲಿ ನನಗೆ ತುಂಬಾ ಗೌರವ ಇರುವ ಕೆಲವೇ ಕ್ಷಣಗಳಲ್ಲಿ ಅದೊಂದು.

ಡಿಜಿಟಾಲಿಸ್ ಎಂದರೆ ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆಯ ಮದ್ದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲೇ ಅದರ ಬಗ್ಗೆ ಬರೆದಿದ್ದರು. ಸೋತ ಹೃದಯದ ಬಡಿತಕ್ಕೆ ಅದು ಕಸುವು ಕೊಡುತ್ತದೆ. ಹತ್ತು ಹನ್ನೆರಡು ದಿನಗಳಲ್ಲಿ ಫಲ ಕಂಡಿತು. ಶ್ವಾಸಕೋಶ ತಿಳಿಯಾಯಿತು, ಹೃದಯದ ಗಾತ್ರ ತಗ್ಗಿತು, ಕೆಮ್ಮು ಹೋಯಿತು, ರಾತ್ರಿ ನಿದ್ದೆ ಬಂತು. ದಿನಕ್ಕೆ ಇಪ್ಪತ್ತು ಮೂವತ್ತು ಸಿಗರೇಟು ಸೇದುತ್ತಿದ್ದವರು ಐದಾರಕ್ಕೆ ಇಳಿದರು. ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಹಾಬ್‌ಕಾ ಎಂಬಲ್ಲಿ ಗೆಳೆಯ ಬರ್ನಾರ್ಡ್ ಬರೂಕ್ ಅವರ ತೋಟದಲ್ಲಿ ಸುಮಾರು ಒಂದು ತಿಂಗಳು ವಿಶ್ರಾಂತಿ ಪಡೆದರು. ಅಲ್ಲಿ ಪಿತ್ತಕೋಶದ ಕಲ್ಲಿನ ನೋವೂ ಕಾಣಿಸಿಕೊಂಡಿತು. ಹೃದಯ ಸುಧಾರಿಸಿತು, ಹೌದು. ಒತ್ತಡ ಮಾತ್ರ ಇಳಿಯಲಿಲ್ಲ. ಡಿಜಿಟಾಲಿಸ್ ಎಳೆಯುವ ಎತ್ತಿಗೆ ಬಲ ಕೊಡುತ್ತದೆ, ಗಾಡಿಯ ಹೇರನ್ನು ಇಳಿಸುವುದಿಲ್ಲ.

ಈಗ ನನ್ನನ್ನು ಬಹಳ ಕಾಡಿದ ಸಂಗತಿ ಹೇಳುತ್ತೇನೆ. ಆವತ್ತಿನಿಂದ ಬ್ರೂನ್ ಅಧ್ಯಕ್ಷರ ಖಾಸಾ ಹೃದಯ ವೈದ್ಯರಾದರು. ದಿನ ಬೆಳಗಾದರೆ ಮಲಗುವ ಕೋಣೆಗೆ ಹೋಗಿ ಬಿಪಿ ನೋಡುತ್ತಿದ್ದರು, ಮೇಲಿಂದ ಮೇಲೆ ಇಸಿಜಿ ತೆಗೆಯುತ್ತಿದ್ದರು. ಹೀಗೆ ಒಂದು ವರ್ಷ. ಆ ಒಂದು ವರ್ಷದಲ್ಲಿ ರೂಸ್‌ವೆಲ್ಟ್ ಒಮ್ಮೆಯೂ ಕೇಳಲಿಲ್ಲ: ಈ ಮಾತ್ರೆ ಯಾತಕ್ಕೆ, ಎಷ್ಟಿದೆ ಬಿಪಿ, ನೀವು ಯಾಕೆ ಬರುತ್ತೀರಿ. ಕಂಡಾಗ ನಕ್ಕು ಮಾತಾಡುತ್ತಿದ್ದರು, ತೋಳು ಚಾಚುತ್ತಿದ್ದರು, ಮುಗಿಯಿತು. ಬ್ರೂನ್ ತಾವಾಗಿ ಹೇಳುವಂತಿರಲಿಲ್ಲ. ಅಧ್ಯಕ್ಷರಿಗೆ ಏನೂ ತಿಳಿಸಬಾರದು ಎಂದು ಮೇಲಿನಿಂದ ಅಪ್ಪಣೆ ಇತ್ತು. ರೋಗಿ ಕೇಳುವುದಿಲ್ಲ, ವೈದ್ಯ ಹೇಳುವುದಿಲ್ಲ, ನಡುವೆ ಪಾದರಸ ಮಾತ್ರ ಏರುತ್ತಾ ಹೋಗುತ್ತದೆ.

ಯಾಕೆ ಕೇಳಲಿಲ್ಲ? ಕೆಲವರು ಹೇಳುವುದು, ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದರು ಎಂದು. ನನಗೆ ಅನ್ನಿಸುವುದು ಬೇರೆ. 1921ರ ಆ ತಿಂಗಳುಗಳನ್ನು ಕಂಡವರು ಅವರು. ಒಬ್ಬ ಡಾಕ್ಟರು ನೆಗಡಿ ಎಂದರು, ಇನ್ನೊಬ್ಬರು ತಿಕ್ಕಿ ಎಂದರು, ಮತ್ತೊಬ್ಬರು ತಿಕ್ಕಬೇಡಿ ಎಂದರು. ಆಮೇಲೆ ನಡೆಯುವುದು ಅಸಾಧ್ಯ ಎಂದು ಒಳಗೊಳಗೇ ಎಲ್ಲರೂ ಒಪ್ಪಿಕೊಂಡಾಗ, ಅವರೊಬ್ಬರೇ ಒಪ್ಪದೆ ಅಧ್ಯಕ್ಷ ಪದವಿಯ ತನಕ ಹೋದರು. ಮೈಯ ಮಾತನ್ನು ಕೇಳದಿರುವುದೇ ಅವರನ್ನು ಬದುಕಿಸಿದ ವಿದ್ಯೆ. 23 ವರ್ಷ ಕೈಹಿಡಿದ ವಿದ್ಯೆಯನ್ನು ಯಾರು ತಾನೇ ಬಿಟ್ಟಾರು? ಕಾಲಿನ ವಿಷಯದಲ್ಲಿ ಅದು ಧೈರ್ಯ. ಹೃದಯದ ವಿಷಯಕ್ಕೆ ಬಂದಾಗ ಅದೇ ಮೌನ ಅವರನ್ನು ಮೋಸ ಮಾಡಿತು.

1944 ಚುನಾವಣೆಯ ವರ್ಷ. ಮ್ಯಾಕಿಂಟೈರ್ ಪತ್ರಕರ್ತರ ಮುಂದೆ ನಿಂತು, ಅವರ ವಯಸ್ಸಿಗೆ ಅಧ್ಯಕ್ಷರ ಆರೋಗ್ಯ ಬಹಳ ಚೆನ್ನಾಗಿದೆ ಎಂದರು. ಇಲ್ಲಿ ನಾನು ಅವರನ್ನು ಕ್ಷಮಿಸಲಾರೆ. 1937ರಲ್ಲಿ ಅವರಿಗೆ ತಿಳಿದಿರಲಿಲ್ಲ, 1944ರಲ್ಲಿ ತಿಳಿದಿತ್ತು. ತಿಳಿಯದೆ ಸುಮ್ಮನಿರುವುದು ಬೇರೆ, ತಿಳಿದು ಸುಳ್ಳು ಹೇಳುವುದು ಬೇರೆ. ರೋಗಿಯ ಗುಟ್ಟು ಕಾಯುವುದು ವೈದ್ಯನ ಧರ್ಮ ಎನ್ನುವಿರಾ? ಒಪ್ಪುತ್ತೇನೆ. ಹಾಗಾದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮತ ಹಾಕಲು ಹೊರಟ ಜನರ ಮುಂದೆ ಎದ್ದು ನಿಂತು ಇಲ್ಲದ ಆರೋಗ್ಯವನ್ನು ಪ್ರಮಾಣೀಕರಿಸುವುದು ಯಾವ ಧರ್ಮದಲ್ಲೂ ಇಲ್ಲ.

ಆಗಸ್ಟ್ 12ರಂದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ನೌಕಾನೆಲೆಯಲ್ಲಿ ಹಡಗಿನ ಮೇಲೆ ನಿಂತು ಭಾಷಣ ಮಾಡಿದರು. ಬಹಳ ದಿನ ಕಟ್ಟದ ಉಕ್ಕಿನ ಪಟ್ಟಿಗಳನ್ನು ಅಂದು ಕಟ್ಟಿದ್ದರು. ತೂಕ ಇಳಿದಿದ್ದರಿಂದ ಅವು ಸಡಿಲವಾಗಿದ್ದವು. ಮಾತಿನ ನಡುವೆ ಎದೆ ಹಿಂಡಿದಂತಾಗಿ ನೋವು ಎರಡೂ ಭುಜಗಳಿಗೆ ಹರಡಿತು. ಕಾಲು ಗಂಟೆ ಹಾಗೇ ಇತ್ತು. ಕಟಕಟೆ ಹಿಡಿದು ಭಾಷಣ ಮುಗಿಸಿದರು. ಆಮೇಲೆ ತೆಗೆದ ಇಸಿಜಿಯಲ್ಲಿ ಹೃದಯಾಘಾತದ ಗುರುತು ಇರಲಿಲ್ಲ. ರೇಡಿಯೊದಲ್ಲಿ ಕೇಳಿದವರಿಗೆ ಭಾಷಣ ಯಾಕೋ ಸಪ್ಪೆ ಅನ್ನಿಸಿತು, ಅಷ್ಟೆ. ಒಂದು ವಾರದೊಳಗೆ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಹ್ಯಾರಿ ಟ್ರೂಮನ್ ಶ್ವೇತಭವನದಲ್ಲಿ ಅವರ ಜೊತೆ ಊಟಕ್ಕೆ ಕೂತರು. ಕೆನೆ ಹಾಕುವಾಗ ಅಧ್ಯಕ್ಷರ ಕೈ ನಡುಗಿ, ಬಟ್ಟಲಿಗಿಂತ ಹೆಚ್ಚು ತಟ್ಟೆಗೆ ಬಿತ್ತು. ಟ್ರೂಮನ್ ಕಂಡರು, ಆಪ್ತರ ಹತ್ತಿರ ಹೇಳಿಕೊಂಡರು, ಹೊರಗೆ ಎಲ್ಲವೂ ಚೆನ್ನಾಗಿದೆ ಎಂದರು. ನವೆಂಬರ್ 7ರಂದು ರೂಸ್‌ವೆಲ್ಟ್ ನಾಲ್ಕನೆಯ ಬಾರಿ ಗೆದ್ದರು. ಅದೇ ತಿಂಗಳು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಒಮ್ಮೆ ಬಿಪಿ 260/150ಕ್ಕೆ ಏರಿತ್ತು.

ಯಾಲ್ಟಾ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ ಎಂದು ಗೊತ್ತು. 1945ರ ಫೆಬ್ರವರಿ 4ರಿಂದ 11ರವರೆಗೆ ಕ್ರಿಮಿಯಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಸೇರಿದರು. ಆ ಫೋಟೊ ನೋಡಿದ್ದೀರಿ, ನಡುವೆ ಮೇಲಂಗಿ ಹೊದ್ದು ಬಡಕಲಾಗಿ ಕೂತವರೇ ಇವರು. ಚರ್ಚಿಲ್ಲರ ವೈದ್ಯ ಲಾರ್ಡ್ ಮೋರನ್ ದೂರದಿಂದ ನೋಡಿಯೇ, ಇವರು ಇನ್ನು ಕೆಲವೇ ತಿಂಗಳು ಎಂದು ದಿನಚರಿಯಲ್ಲಿ ಬರೆದುಕೊಂಡರು. ಫೆಬ್ರವರಿ 8ರಂದು ಪೋಲೆಂಡ್ ಕುರಿತು ಕಾವೇರಿದ ಚರ್ಚೆ ಮುಗಿದ ಮೇಲೆ ಬ್ರೂನ್ ನಾಡಿ ಹಿಡಿದರೆ, ಒಂದು ಬಡಿತ ಗಟ್ಟಿ, ಮುಂದಿನದು ಮೆತ್ತಗೆ, ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. ಹೃದಯ ದಣಿದು ಹೋಗಿದೆ ಎನ್ನುವುದಕ್ಕೆ ಅದು ಕೆಟ್ಟ ಲಕ್ಷಣ. ಭೇಟಿಗಳನ್ನು ಕಡಿಮೆ ಮಾಡಿಸಿದರು, ಮಧ್ಯಾಹ್ನ ಮಲಗಿಸಿದರು, ಕೆಲವು ದಿನಗಳಲ್ಲಿ ನಾಡಿ ಸರಿಹೋಯಿತು. ಕಾಯಿಲೆಯಿಂದಾಗಿಯೇ ಅವರು ಪೋಲೆಂಡನ್ನು ಸ್ಟಾಲಿನ್‌ಗೆ ಬಿಟ್ಟುಕೊಟ್ಟರು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹೊತ್ತಿಗೆ ಪೋಲೆಂಡಿನ ನೆಲದ ಮೇಲೆ ಕೆಂಪು ಸೇನೆ ನಿಂತಿತ್ತು. 120/80 ಬಿಪಿ ಇದ್ದವರು ಕೂತಿದ್ದರೂ ಆ ಸೇನೆ ಕದಲುತ್ತಿರಲಿಲ್ಲ. ಅಂದಹಾಗೆ, ಆ ಫೋಟೊದಲ್ಲಿ ಇರುವ ಮೂವರನ್ನೂ ಕೊನೆಗೆ ಕೊಂಡೊಯ್ದದ್ದು ಮಿದುಳಿನ ರಕ್ತನಾಳವೇ. ಸ್ಟಾಲಿನ್ 1953ರಲ್ಲಿ, ಚರ್ಚಿಲ್ 1965ರಲ್ಲಿ.

ಮಾರ್ಚ್ 1ರಂದು ಅಮೆರಿಕದ ಸಂಸತ್ತಿಗೆ ಯಾಲ್ಟಾ ವರದಿ ಒಪ್ಪಿಸಿದರು. ಅಂದು ನಿಲ್ಲಲಿಲ್ಲ, ಕೂತೇ ಮಾತಾಡಿದರು. ಕೂತು ಮಾತಾಡುವುದಕ್ಕೆ ಕ್ಷಮೆ ಕೇಳಿ, ಕಾಲಿಗೆ ಹತ್ತು ಪೌಂಡು ಉಕ್ಕು ಕಟ್ಟಿಕೊಂಡು ನಿಲ್ಲುವುದಕ್ಕಿಂತ ಇದು ಸುಲಭ ಎಂಬರ್ಥದ ಮಾತು ಹೇಳಿದರು. ಅಷ್ಟು ವರ್ಷಗಳಲ್ಲಿ ಸಂಸತ್ತಿನ ಎದುರು ಅವರು ತಮ್ಮ ಕಾಲಿನ ಮಾತೆತ್ತಿದ್ದು ಅಂದೇ. ಕಟ್ಟಿದ್ದ ಪರದೆಯನ್ನು ತಾವೇ ಒಂದು ಗೇಣು ಸರಿಸಿದರು. ಆ ಪರದೆಯನ್ನು ಹಿಡಿದು ನಿಲ್ಲುವ ಶಕ್ತಿ ಇನ್ನು ಉಳಿದಿರಲಿಲ್ಲ ಎಂದು ನನಗೆ ಅದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ.

ಮಾರ್ಚ್ ಕೊನೆಗೆ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಅಲ್ಲಿನ ಬಿಸಿನೀರಿನ ಬುಗ್ಗೆಗಳಿಗೆ 1924ರಿಂದ ಹೋಗುತ್ತಿದ್ದರು, ಪೋಲಿಯೊ ಆದವರಿಗಾಗಿ ಚಿಕಿತ್ಸಾ ಕೇಂದ್ರವನ್ನೂ ಕಟ್ಟಿದ್ದರು. ಏಪ್ರಿಲ್ 12ರ ಬೆಳಗ್ಗೆ ಸ್ವಲ್ಪ ತಲೆನೋವು, ಕುತ್ತಿಗೆ ಬಿಗಿತ ಎಂದರು. ಬ್ರೂನ್ ಕುತ್ತಿಗೆ ಒತ್ತಿಕೊಟ್ಟರು. ಮಧ್ಯಾಹ್ನ ಎಲಿಜಬೆತ್ ಶೌಮಟಾಫ್ ಎಂಬ ಕಲಾವಿದೆ ಎದುರು ಕೂತು ಅವರ ಚಿತ್ರ ಬರೆಯುತ್ತಿದ್ದರು. ಇಬ್ಬರು ಸೋದರ ಸಂಬಂಧಿಗಳು, ಹಳೆಯ ಒಲವಿನ ಲೂಸಿ ರುದರ್ಫರ್ಡ್ ಅಲ್ಲಿದ್ದರು. ಒಂದೂಕಾಲರ ಸುಮಾರಿಗೆ, ತಲೆಯ ಹಿಂಬದಿ ಭಯಂಕರ ನೋಯುತ್ತಿದೆ ಎಂದು ಹೇಳಿ ಕುಸಿದರು. ಬ್ರೂನ್ ಓಡಿ ಬರುವಷ್ಟರಲ್ಲಿ ಪ್ರಜ್ಞೆ ಇಲ್ಲ, ಮೈ ತಣ್ಣಗೆ, ಬೆವರು, ಬಲಗಣ್ಣಿನ ಪಾಪೆ ಹಿಗ್ಗಿತ್ತು. ಬಿಪಿ 300/190. ಅಟ್ಲಾಂಟಾದಿಂದ ಪಾಲಿನ್ ಕಾರು ಓಡಿಸಿಕೊಂಡು ಬಂದರು. ಹೃದಯಕ್ಕೇ ಚುಚ್ಚುಮದ್ದು ಕೊಟ್ಟು ನೋಡಿದರು. 3 ಗಂಟೆ 35 ನಿಮಿಷಕ್ಕೆ ಜೀವ ಹೋಯಿತು. ಮಿದುಳಿನಲ್ಲಿ ಭಾರೀ ರಕ್ತಸ್ರಾವ. ಮರಣೋತ್ತರ ಪರೀಕ್ಷೆ ಮಾಡಲಿಲ್ಲ.

ಆ ಸಂಜೆ 7 ಗಂಟೆ 9 ನಿಮಿಷಕ್ಕೆ ಟ್ರೂಮನ್ ಪ್ರಮಾಣ ವಚನ ಸ್ವೀಕರಿಸಿದರು. ಉಪಾಧ್ಯಕ್ಷರಾಗಿ ಆಗಿದ್ದದ್ದು 82 ದಿನ. ಅಣುಬಾಂಬ್ ತಯಾರಾಗುತ್ತಿದೆ ಎಂಬ ಪೂರ್ತಿ ವಿವರ ಅವರಿಗೆ ಸಿಕ್ಕಿದ್ದು ಏಪ್ರಿಲ್ 25ರಂದು. ಗುಟ್ಟಿನ ಬೆಲೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಹದಿಮೂರು ದಿನಗಳನ್ನು ತೋರಿಸುತ್ತೇನೆ. ಅಧ್ಯಕ್ಷರ ಹೃದಯ ಎಂಥ ಸ್ಥಿತಿಯಲ್ಲಿದೆ ಎಂದು ಬಲ್ಲವರು ಇದ್ದರು. ಅವರಲ್ಲಿ ಯಾರೂ, ಮುಂದೆ ಬರುವವರನ್ನು ಸಿದ್ಧಗೊಳಿಸಿ ಎಂದು ಹೇಳಲಿಲ್ಲ.

ಮ್ಯಾಕಿಂಟೈರ್ ಪತ್ರಕರ್ತರಿಗೆ ಹೇಳಿದ್ದು, ಇದು ಬರಸಿಡಿಲಿನಂತೆ ಎರಗಿತು, ಯಾವ ಮುನ್ಸೂಚನೆಯೂ ಇರಲಿಲ್ಲ ಎಂದು. ನೀವು ಬರೆದುಕೊಂಡ ಆ ಅಳತೆಗಳನ್ನು ಈಗ ಮತ್ತೊಮ್ಮೆ ನೋಡಿ. ಬೆಥೆಸ್ಡಾ ಆಸ್ಪತ್ರೆಯಲ್ಲಿದ್ದ ಅಧ್ಯಕ್ಷರ ಕಡತವೂ ಆಮೇಲೆ ಕಾಣೆಯಾಯಿತು. ಕಡತ ಇಲ್ಲದ ಜಾಗದಲ್ಲಿ ವದಂತಿ ಬೆಳೆಯಿತು. ವಿಷ ಹಾಕಿದರು ಎಂದರು, ಎಡ ಹುಬ್ಬಿನ ಮೇಲಿದ್ದ ಕಪ್ಪು ಮಚ್ಚೆ ಕ್ಯಾನ್ಸರ್ ಎಂದರು. ಆ ಮಚ್ಚೆ ಹಳೆಯ ಫೋಟೊಗಳಲ್ಲಿದೆ, ಕೊನೆಯ ವರ್ಷಗಳ ಫೋಟೊಗಳಲ್ಲಿ ಮಾಸಿದೆ, ನಿಜ. ಅದು ಕ್ಯಾನ್ಸರ್ ಎನ್ನುವುದಕ್ಕೆ ಪುರಾವೆ ಇಲ್ಲ. ಕೊನೆಗೆ ಬ್ರೂನ್ ಬಾಯಿ ತೆರೆದದ್ದು 1970ರಲ್ಲಿ, 25 ವರ್ಷಗಳ ಮೇಲೆ, ಮಗಳು ಆನ್ನಾ ಅವರ ಒತ್ತಾಸೆಯಿಂದ. ತಮ್ಮ ಹತ್ತಿರ ಉಳಿದಿದ್ದ ಟಿಪ್ಪಣಿಗಳಿಂದ ಒಂದು ವೈದ್ಯಕೀಯ ಪತ್ರಿಕೆಗೆ ಲೇಖನ ಬರೆದರು. ನಾನು ಇವತ್ತು ಹೇಳಿದ ಅಳತೆಗಳು ನಮಗೆ ತಿಳಿದಿರುವುದು ಆ ಲೇಖನದ ದೆಸೆಯಿಂದ. ಅದರಲ್ಲಿ ಯಾರನ್ನೂ ಬೈದಿಲ್ಲ. ದಿನಾಂಕ, ಅಳತೆ, ಕೊಟ್ಟ ಮದ್ದು, ಅಷ್ಟೇ ಇದೆ. ಬೈದಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲ.

ಪ್ರಶ್ನೆಗೆ ಸಮಯ ಕೊಡಬೇಕು, ಆದರೆ ಮದ್ದಿನ ಮಾತು ಬಾಕಿ ಇದೆ. ಟ್ರೂಮನ್ 1948ರ ಜೂನ್ 16ರಂದು ರಾಷ್ಟ್ರೀಯ ಹೃದಯ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಮಸಾಚುಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರ ಅಧ್ಯಯನ ಶುರುವಾಯಿತು. ಆರೋಗ್ಯವಾಗಿರುವವರನ್ನೇ ಸೇರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಬಿಪಿ, ಕೊಲೆಸ್ಟೆರಾಲ್, ಇಸಿಜಿ ನೋಡಿ, ಯಾರಿಗೆ ಮುಂದೆ ಏನಾಗುತ್ತದೆ ಎಂದು ಕಾದು ನೋಡಿದರು. ಒಬ್ಬ ಮನುಷ್ಯನ ಕಡತದಲ್ಲಿ ಯಾರೂ ಸಾಲಾಗಿ ಓದದ ಅಳತೆಗಳನ್ನು ಇಲ್ಲಿ ಇಡೀ ಊರಿಗೆ ಊರೇ ಸಾಲಾಗಿ ಬರೆಸಿಕೊಟ್ಟಿತು. ಏರಿದ ಒತ್ತಡ ದೇಹದ ಏರ್ಪಾಡು ಎಂಬ ನಂಬಿಕೆ ಅಲ್ಲಿ ಸತ್ತಿತು. 1958ರಲ್ಲಿ ಕ್ಲೋರೊಥಯಜೈಡ್ ಎಂಬ ಮೂತ್ರವರ್ಧಕ ಮಾತ್ರೆ ಬಂತು.

1967ರಲ್ಲಿ ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಒಂದು ಪ್ರಯೋಗದ ಫಲ ಪ್ರಕಟವಾಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 143 ಗಂಡಸರು. ಎಲ್ಲರಿಗೂ ಬಿಪಿಯ ಕೆಳಗಿನ ಅಂಕಿ 115ರಿಂದ 129ರ ನಡುವೆ. ರೂಸ್‌ವೆಲ್ಟ್ ಅವರದು ಕೊನೆಯ ವರ್ಷದಲ್ಲಿ ಆ ಮಟ್ಟಕ್ಕೆ ಏರಿ ದಾಟಿಯೂ ಹೋಗಿತ್ತು ಎಂದು ನೆನಪಿರಲಿ. ಸುಮಾರು ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ, ಒಳಗೆ ಮದ್ದಿಲ್ಲದ ಬರಿ ಮಾತ್ರೆ. ಎರಡು ವರ್ಷ ಹಿಡಿಯಲಿಲ್ಲ, ಫಲ ಕಣ್ಣಿಗೆ ಹೊಡೆಯಿತು. ಬರಿ ಮಾತ್ರೆ ನುಂಗಿದವರಲ್ಲಿ 27 ಮಂದಿಗೆ ಸಾವು, ಲಕ್ವ, ಹೃದಯ ವೈಫಲ್ಯದಂಥ ಗಂಭೀರ ತೊಂದರೆಯಾಗಿತ್ತು. ನಿಜವಾದ ಮಾತ್ರೆ ನುಂಗಿದವರಲ್ಲಿ ಇಬ್ಬರಿಗೆ. ಬ್ರೂನ್ ಆಗ ಬದುಕಿದ್ದರು. 1995ರವರೆಗೂ ಇದ್ದರು.